ಸಮುದ್ರಜೀವಿಗಳ ಶಿಲಾವಶೇಷಗಳೂ ಪುರಾತನ ತೀರರೇಖೆಗಳೂ



ತಮಿಳುನಾಡಿನಲ್ಲಿ ತಿರುಚಿರಾಪಳ್ಳಿಯ ಈಶಾನ್ಯಕ್ಕೆ ಅರಿಯಲೂರೆಂಬ ಪಟ್ಟಣವಿರುವುದು. ಅದರ ಸುತ್ತಣ ಸುಣ್ಣಗಲ್ಲಿನ ನೆಲವನ್ನು ಅಗೆದಲ್ಲಿ ಸಿಂಪಿಗಳು ರಾಶಿರಾಶಿಯಾಗಿ ದೊರೆಯುತ್ತವೆ. ಅವು ಕೆರೆಯ ಸಿಂಪಿಗಳಲ್ಲ; ಅಂಗೈಯನ್ನು ತುಂಬುವಷ್ಟು ದೊಡ್ಡವು, ದಪ್ಪ ಕವಚದವು, ಕಲ್ಲಾಗಿ ಕಲ್ಲಿನ ತೂಕವನ್ನೇ ಪಡೆದವು. ಅದೇ ಸೀಮೆಯ ಗರುಡಮಂಗಲದ ಕಲ್ಲಂತೂ ಚಿಪ್ಪುಗಳ ರಾಶಿಯೇ ಗಟ್ಟಿಗೊಂಡು ಆದದ್ದು. ಅದನ್ನು ಕೊಯ್ದು ಉಜ್ಜಿ ಮೆರುಗು ಕೊಟ್ಟರೆ ಶಂಖ ಸಿಂಪಿಗಳ ಚಿತ್ರಗಳು ಮೈತುಂಬ ಮೂಡುವುದರಿಂದ, ತಿರುಚಿರಾಪಳ್ಳಿಯ ಅಮೃತಶಿಲೆಯೆಂಬ ಹೆಸರು ಅದಕ್ಕೆ ಬಂದಿತು. ಆದರೆ ಬಂಗಾಳ ಉಪಸಾಗರದ ದಂಡೆಯು ಅರಿಯಲೂರಿನಿಂದ ಮೂಡಲಿಗೆ ಸುಮಾರು ೫೦ ಮೈಲು ದೂರದಲ್ಲಿದೆ. ಇಷ್ಟು ಒಳನಾಡಿನಲ್ಲಿ ಕಡಲ ಸಿಂಪಿಗೇನು ಕೆಲಸ? ಸಿಂಪಿಯೇ ಇಲ್ಲಿಗೆ ಬಂದಿತೋ, ಕಡಲೇ ಒಮ್ಮೆ ಇಲ್ಲಿದ್ದಿತೋ?

ಪ್ರಶ್ನೆಯು ಬಹಳ ಹಳೆಯದು. ಗ್ರೀಕ ತತ್ತ್ವಜ್ಞನಾದ ಕ್ಸೆನೊಫೇನ್ಸನು ಕ್ರಿಸ್ತಶಕಕ್ಕೆ ಐದಾರು ನೂರು ವರ್ಷ ಮುಂಚೆಯೇ, ಗುಡ್ಡಗಳ ಮೇಲೆ ಚಿಪ್ಪುಗಳಿರುವುದನ್ನೂ ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಮೀನಿನ ಮುದ್ರೆಗಳಿರುವುದನ್ನೂ ಎತ್ತಿ ತೋರಿಸಿ, ನೆಲವು ಹಿಂದೆ ನೀರಿನೊಡನೆ ಬೆರೆತಿದ್ದಿತೆಂದು ವಾದಿಸಿದನು. ಹೆರೊಡೋಟಸನು ಈಜಿಪ್ತದ ಗುಡ್ಡಗಳ ಚಿಪ್ಪುಗಳನ್ನು ಕಂಡು ಅದೇ ಮಾತನ್ನು ಹೇಳಿದನು. ಚೀನದ ಶೆನ್ ಕುವೊ ಎಂಬ ರಾಜಾಧಿಕಾರಿಯು ೧೧ನೆಯ ಶತಮಾನದಲ್ಲಿ ತೈಹಾಂಗ ಪರ್ವತದ ಪ್ರಪಾತದಲ್ಲಿ ಚಿಪ್ಪುಗಳ ಸಾಲನ್ನು ನೋಡಿ, ಈಗ ಕಡಲಿಂದ ಬಹು ದೂರವಿರುವ ಈ ಸ್ಥಳವು ಒಂದು ಕಾಲಕ್ಕೆ ಕಡಲ ದಂಡೆಯಾಗಿದ್ದಿರಬೇಕೆಂದು ಬರೆದನು. ಅದೇ ಶತಮಾನದಲ್ಲಿ ಹಿಂದುಸ್ಥಾನವನ್ನು ಕುರಿತು ಗ್ರಂಥ ಬರೆದ ಅಲ್ ಬಿರೂನಿಯ ದೃಷ್ಟಿಯು ಇನ್ನೂ ಸೂಕ್ಷ್ಮವಾದುದು. ಅವನು ಚಿಪ್ಪನ್ನು ಆಶ್ರಯಿಸಲಿಲ್ಲ. ಪರ್ವತದ ಬುಡದಲ್ಲಿ ಹೊಳೆಯ ಕಲ್ಲುಗಳು ದೊಡ್ಡವಾಗಿಯೂ, ದೂರ ಹೋದಂತೆ ಚಿಕ್ಕವಾಗಿಯೂ, ಕಡಲ ಬಳಿಯಲ್ಲಿ ಕೇವಲ ಮರಳಾಗಿಯೂ ಇರುವುದನ್ನು ಗಮನಿಸಿ, ಉತ್ತರದ ಬಯಲುಸೀಮೆಯು ಹಿಂದೆ ಸಮುದ್ರವಾಗಿದ್ದು ನದಿಗಳ ಹೂಳಿನಿಂದ ತುಂಬಿಕೊಂಡಿತೆಂದು ಅನುಮಾನಿಸಿದನು. ಪರದೇಶದಿಂದ ಬಂದವನೊಬ್ಬನು ಈ ನೆಲದ ಬೆಣಚುಕಲ್ಲುಗಳನ್ನು ಇಷ್ಟು ಶ್ರದ್ಧೆಯಿಂದ ನೋಡಿದನೆಂಬುದು ಸ್ಮರಣೀಯವಾದ ಸಂಗತಿಯು.

ಇಂಥ ವಾದಕ್ಕೆ ಎದುರಾಗುವ ಆಕ್ಷೇಪವೊಂದಿದೆ: ಚಿಪ್ಪುಗಳನ್ನು ಮಹಾಪ್ರಳಯದ ನೀರು ಎತ್ತಿ ತಂದು ಬೆಟ್ಟದ ಮೇಲೆ ಹಾಕಿರಬಾರದೇಕೆ? ಇದಕ್ಕೆ ಮನಮುಟ್ಟುವ ಉತ್ತರ ಕೊಟ್ಟವನು ಇಟಲಿಯ ಲಿಯೊನಾರ್ಡೊ ದಾ ವಿಂಚಿ. ಚಿತ್ರಕಾರನೆಂದು ಲೋಕವೆಲ್ಲ ಬಲ್ಲ ಈತನು ತನ್ನ ಟಿಪ್ಪಣಿಗಳಲ್ಲಿ ಲೆಕ್ಕ ಹಾಕಿದನು. ಸಿಂಪಿಯ ಹುಳುವು ಮರಳಿನಲ್ಲಿ ಗೀರು ಕೊರೆದುಕೊಂಡು ದಿನಕ್ಕೆ ನಾಲ್ಕಾರು ಮೊಳ ಮಾತ್ರ ಸರಿಯಬಲ್ಲದು. ನಲವತ್ತು ದಿನಗಳ ಪ್ರಳಯದಲ್ಲಿ ಅದು ೨೫೦ ಮೈಲು ದೂರದ ಮೊನ್‌ಫೆರಾತೊ ಗುಡ್ಡಗಳನ್ನು ಹೇಗೆ ಮುಟ್ಟೀತು? ಅಲೆಗಳು ಹೊತ್ತು ತಂದವೆಂದರೆ, ಸತ್ತ ಚಿಪ್ಪುಗಳು ಒಡೆದು ಚೆಲ್ಲಾಪಿಲ್ಲಿಯಾಗಿ ಬೀಳಬೇಕಾಗಿತ್ತು. ಆದರೆ ಅಲ್ಲಿ ಎರಡೂ ಪುಟಗಳು ಕೂಡಿಕೊಂಡು, ಮರಿಯೂ ಮುದಿಯೂ ಒಂದೆಡೆ ಬಾಳಿದ ರೀತಿಯಲ್ಲಿಯೇ ಇವೆ.

ಈ ವಾದವನ್ನು ಕೇಳಿದಾಗ ನ್ಯಾಯಶಾಸ್ತ್ರವನ್ನು ಓದಿದವರಿಗೆ ಒಂದು ಹಳೆಯ ಚರ್ಚೆಯು ನೆನಪಿಗೆ ಬಾರದಿರದು. ಹೊಳೆಗೆ ಪೂರ ಬಂದುದನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ಊಹಿಸುವುದು ಕಾರ್ಯದಿಂದ ಕಾರಣವನ್ನು ತಿಳಿಯುವ ಅನುಮಾನವು. ಪೂರ್ವಪಕ್ಷಿಯು ಇದನ್ನು ಒಪ್ಪುವುದಿಲ್ಲ. ಹೊಳೆಯನ್ನು ಎಲ್ಲಿಯೋ ಕಟ್ಟೆ ಕಟ್ಟಿ ತಡೆದರೂ ನೀರು ಏರುವುದಷ್ಟೆ, ಆದಕಾರಣ ಈ ಹೇತುವು ವ್ಯಭಿಚಾರಿಯೆಂದು ಅವನು ಹೇಳುತ್ತಾನೆ. ಭಾಷ್ಯಕಾರನಾದ ವಾತ್ಸ್ಯಾಯನನ ಸಮಾಧಾನವೇನಂದರೆ, ಬರಿಯ ನೀರಿನ ಏರಿಕೆಯು ಹೇತುವಲ್ಲ. ಸೆಳವಿನ ವೇಗ, ನೊರೆ, ತೇಲಿಬರುವ ಎಲೆ ಹಣ್ಣು ಕಟ್ಟಿಗೆಗಳು, ಇವುಗಳಿಂದ ಕೂಡಿದ ಪೂರವೇ ಹೇತುವು. ಚಿಪ್ಪಿನ ವಿಷಯವೂ ಹಾಗೆಯೇ ಇದೆ. ಕಲ್ಲಿನಲ್ಲಿ ಚಿಪ್ಪಿದೆಯೆಂಬುದು ಹೇತುವಲ್ಲ. ಎಂಥ ಚಿಪ್ಪು, ಯಾವ ಸ್ಥಿತಿಯಲ್ಲಿ, ಯಾರ ಸಹವಾಸದಲ್ಲಿ ಎಂಬುದೆಲ್ಲ ಕೂಡಿದರೆ ಮಾತ್ರ ಹೇತುವು.

ಇದಕ್ಕೆ ಉದಾಹರಣೆಯು ಕನ್ನಡನಾಡಿನಲ್ಲಿಯೇ ಇದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಜ್ವಾಲಾಮುಖಿಯ ದ್ರವವು ಪದರುಪದರಾಗಿ ಹರಿದು ಹೆಪ್ಪುಗಟ್ಟಿ ಕರಿಯ ಕಲ್ಲಾಯಿತು. ಒಂದು ಪದರಿಗೂ ಮತ್ತೊಂದಕ್ಕೂ ನಡುವೆ ಕಾಲವು ಸಂದಾಗ ಕೊಳಗಳೂ ಕೆಸರೂ ಉಂಟಾದವು. ಗುರುಮಠಕಲ್ಲಿನ ಸುತ್ತಿನಲ್ಲಿ ಇಂಥ ನಡುಪದರುಗಳಲ್ಲಿ ಬಸವನಹುಳುಗಳ ಚಿಪ್ಪುಗಳು ದೊರೆತಿರುತ್ತವೆ. ಅವಸರದವನು ಅಲ್ಲಿ ಕಡಲಿತ್ತೆಂದು ಹೇಳಿಬಿಡಬಹುದು. ಆದರೆ ಆ ಹುಳುಗಳ ಕುಲವು ಸಿಹಿನೀರಿನದು. ಅವು ಸಾರುವುದು ಕೊಳವನ್ನೇ ಹೊರತು ಕಡಲನ್ನಲ್ಲ. ಇದೇ ಕರಿಗಲ್ಲಿನ ನಡುಪದರುಗಳು ಗೋದಾವರಿಯ ಮುಖದ ಹತ್ತಿರ ರಾಜಮಹೇಂದ್ರಿಯ ಬಳಿ ಕಾಣಬರುವಲ್ಲಿ, ಅಳಿವೆಯ ಚೌಳುನೀರಿನಲ್ಲಿಯೂ ಕಡಲಲ್ಲಿಯೂ ಬಾಳುವ ಚಿಪ್ಪುಗಳಿರುತ್ತವೆ. ಆ ಕಾಲದ ತೀರವು ಅಲ್ಲಿಯೇ ಎಲ್ಲಿಯೋ ಇದ್ದಿತೆಂದು ಈ ಎರಡನ್ನೂ ಹೋಲಿಸಿದಾಗ ತಿಳಿಯುತ್ತದೆ.

ಇನ್ನು ಅರಿಯಲೂರಿಗೆ ಮರಳಿ ಬರುವ. ೧೮೪೦ರ ಸುಮಾರಿಗೆ ಕೇ ಮತ್ತು ಕನ್ಲಿಫ್ ಎಂಬವರು ಇಲ್ಲಿಯ ಚಿಪ್ಪುಗಳನ್ನು ಸಂಗ್ರಹಿಸಿ ವಿಲಾಯತಿಗೆ ಕಳಿಸಿದರು. ಬಳಿಕ ಭೂಗರ್ಭಶೋಧನ ಖಾತೆಯ ಹೆನ್ರಿ ಬ್ಲಾನ್‌ಫರ್ಡನು ಸೀಮೆಯನ್ನೆಲ್ಲ ಕಾಲ್ನಡಿಗೆಯಿಂದ ಅಳೆದು, ಯಾವ ಪದರಿನ ಮೇಲೆ ಯಾವ ಪದರಿದೆಯೆಂಬುದನ್ನು ನಿರ್ಣಯಿಸಿ ೧೮೬೨ರಲ್ಲಿ ವರದಿಯನ್ನು ಪ್ರಕಟಿಸಿದನು. ಕೆಳಗಿನಿಂದ ಮೇಲಕ್ಕೆ ಉಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು, ನಿನ್ನಿಯೂರು ಎಂದು ಸ್ತರಸಮೂಹಗಳಿಗೆ ಹೆಸರುಗಳಾದವು. ಬರಹದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕೆಳಗಿನದು ಹಿಂದಿನದು, ಮೇಲಿನದು ಮುಂದಿನದು.

ಅತಿ ಕೆಳಗಿನ ಉಟ್ಟತ್ತೂರು ಸ್ತರಗಳು ಸುಮಾರು ೧೧ ಕೋಟಿ ವರ್ಷಗಳ ಹಿಂದೆ ಆರಂಭವಾದವು. ಅವುಗಳ ತಳದಲ್ಲಿ ಕೆಲವೆಡೆ ಹವಳದ ಸುಣ್ಣಗಲ್ಲಿನ ದಿಬ್ಬಗಳು ನೇರವಾಗಿ ಹಳೆಯ ಕರಿಕಲ್ಲಿಗೆ ಅಂಟಿಕೊಂಡಿವೆ. ದಿಬ್ಬ ಕಟ್ಟುವ ಹವಳದ ಹುಳುವಿಗೆ ಬೆಚ್ಚನೆಯ ತಿಳಿನೀರು ಬೇಕು, ಸೂರ್ಯನ ಬೆಳಕು ಬೇಕು. ಆಳವಾದಲ್ಲಿ ಅದು ಬಾಳದು. ಆದುದರಿಂದ ಏರಿಬಂದ ಕಡಲಿನ ಮೊದಲ ಅಂಚು ಇದೇ ಕರಿಕಲ್ಲಿಗೆ ತಾಗಿತ್ತೆಂದು ಬೊಟ್ಟಿಟ್ಟು ತೋರಿಸಬಹುದು. ಅದರ ಮೇಲಿರುವುದು ಕಾರೈ ಗ್ರಾಮದ ಜೇಡಿ. ಇಲ್ಲಿ ಹವಳವಿಲ್ಲ, ಬೆಲೆಮ್ನೈಟುಗಳೆಂಬ ಗುಂಡಿನಾಕಾರದ ಕಲ್ಲುಕಡ್ಡಿಗಳು ಮಳೆಗೆ ತೊಳೆದ ಕೊರಕಲುಗಳಲ್ಲಿ ಚೆಲ್ಲಿಕೊಂಡಿರುತ್ತವೆ. ಕವಡೆಮೀನಿನ ಜಾತಿಯ ಪ್ರಾಣಿಯೊಂದರ ಮೈಯೊಳಗಿನ ಎಲುಬು ಇದು. ಅಮ್ಮೋನೈಟುಗಳೆಂಬ ಸುರುಳಿಚಿಪ್ಪಿನವೂ ಅದರ ಸಂಗಡಿಗರು. ಇವು ತೆರೆದ ಕಡಲಲ್ಲಿ ಈಜುವ ಜೀವಿಗಳು. ಅಂದರೆ ನೀರು ಆಳವಾಗಿ, ದಂಡೆಯು ಪಡುವಲಿಗೆ ಸರಿಯಿತು.

ಮತ್ತೆ ಮೇಲಕ್ಕೆ ತಿರುಚಿರಾಪಳ್ಳಿ ಸ್ತರಗಳಲ್ಲಿ ಒರಟು ಮರಳೂ ಬೆಣಚೂ ಕಾಣಿಸಿಕೊಳ್ಳುತ್ತವೆ, ಗರುಡಮಂಗಲದ ಚಿಪ್ಪುರಾಶಿಯೂ ಇಲ್ಲಿಯದೇ. ಸಾತನೂರಿನಲ್ಲಿ ಈ ಸ್ತರಗಳೊಳಗೆ ಒಂದು ಮರವು ಅಡ್ಡಲಾಗಿ ಮಲಗಿದೆ. ೧೯೪೦ರಲ್ಲಿ ಎಂ. ಎಸ್. ಕೃಷ್ಣನ್ ಅವರು ಇದನ್ನು ಕಂಡರು. ಕಾಂಡದ ಉದ್ದವು ಸುಮಾರು ೬೦ ಅಡಿ, ಪೂರ್ತಿಯಾಗಿ ಕಲ್ಲಾಗಿ ಹೋಗಿದೆ. ಕಡಲ ಚಿಪ್ಪುಗಳ ನಡುವೆ ಕಾಡಿನ ಮರವೇಕೆ? ನದಿಯ ಪೂರದಲ್ಲಿ ಬುಡಮೇಲಾಗಿ ತೇಲಿ ಅದು ಕಡಲನ್ನು ಸೇರಿತು, ನೀರು ಕುಡಿದು ಮುಳುಗಿತು, ಮರಳು ಅದನ್ನು ಮುಚ್ಚಿತು. ಈ ಸೀಮೆಯ ಕಲ್ಲುಮರದ ತುಂಡುಗಳಲ್ಲಿ ಹಡಗುಹುಳುವಿನಂಥ ಜೀವಿಗಳು ಕೊರೆದ ರಂಧ್ರಗಳೂ ಕಾಣಬರುತ್ತವೆ. ಆ ಹುಳುವು ಉಪ್ಪುನೀರಿನಲ್ಲಿ ನೆನೆದ ಮರವನ್ನೇ ಕೊರೆಯತಕ್ಕದ್ದು. ವಾತ್ಸ್ಯಾಯನನು ಹೇಳಿದ ಪೂರದ ಕಟ್ಟಿಗೆಯು ಇಲ್ಲಿ ಅಕ್ಷರಶಃ ದೊರೆತಂತಾಯಿತು! ಹತ್ತಿರದಲ್ಲಿಯೇ ಕಾಡಿದ್ದ ದಂಡೆಯೂ, ಮರಗಳನ್ನು ಹೊತ್ತು ತರಬಲ್ಲ ನದಿಯೂ ಇದ್ದುವೆಂಬುದು ಈ ಒಂದು ಮರದಿಂದ ಸಿದ್ಧವಾಗುತ್ತದೆ.

ಅರಿಯಲೂರು ಸ್ತರಗಳಲ್ಲಿ ಕಡಲು ಮತ್ತೊಮ್ಮೆ ವಿಸ್ತರಿಸಿ ಕಲ್ಲಂಕುರಿಚ್ಚಿಯ ಸಿಂಪಿಹಾಸಿಗೆಗಳನ್ನು ಬಿಟ್ಟುಹೋಯಿತು. ಅವುಗಳ ಮೇಲಣ ಕಲ್ಲಮೇಡಿನ ಮರಳುಗಲ್ಲಿನಲ್ಲಿ ಚಿಪ್ಪುಗಳು ಮುಗಿದು, ನೆಲದ ಮೇಲೆ ನಡೆದಾಡಿದ ಬೃಹತ್ಕಾಯದ ಸರೀಸೃಪಗಳ ಎಲುಬುಗಳು ಬರುತ್ತವೆ. ಕಡಲು ಹಿಂದೆಗೆದು ನದಿಗಳು ಆ ನೆಲವನ್ನು ಆಕ್ರಮಿಸಿದ್ದವು. ನಿನ್ನಿಯೂರಿನಲ್ಲಿ ಕಡಲು ತಿರುಗಿ ಬಂದಿತು. ಆದರೆ ಅಷ್ಟರಲ್ಲಿ ಸುರುಳಿಚಿಪ್ಪಿನ ಅಮ್ಮೋನೈಟುಗಳ ವಂಶವೇ ಜಗತ್ತಿನಿಂದ ಅಳಿದಿದ್ದಿತು. ನಿನ್ನಿಯೂರಿನ ಸ್ತರಗಳಲ್ಲಿ ಅವು ಇಲ್ಲ. ಒಂದೇ ತಾಲೂಕಿನ ನೆಲದಲ್ಲಿ ಕಡಲು ಇಷ್ಟು ಸಲ ಬಂದು ಹೋದ ಮೇಲೆ, ನಕಾಶೆಯಲ್ಲಿ ಎಳೆದ ತೀರರೇಖೆಯನ್ನು ಶಾಶ್ವತವೆಂದು ಯಾರು ಎಣಿಸಬೇಕು?

ಒಂದು ಕಡಲನ್ನು ಮತ್ತೊಂದರೊಡನೆ ಹೋಲಿಸುವುದು ಇದಕ್ಕಿಂತ ಕಠಿಣವಾದ ಕೆಲಸವು. ಮಧ್ಯಪ್ರದೇಶದ ಧಾರ ಜಿಲ್ಲೆಯಲ್ಲಿ, ನರ್ಮದೆಯ ಕಣಿವೆಯಲ್ಲಿ, ಬಾಘವೆಂಬ ಗ್ರಾಮವಿದೆ. ಪಡುವಣ ಕಡಲಿಂದ ಅದು ನೂರು ಮೈಲಿಗೂ ಮಿಕ್ಕಿ ಒಳಗಿರುತ್ತದೆ. ಅಲ್ಲಿಯ ಸುಣ್ಣಗಲ್ಲಿನಲ್ಲಿಯೂ ಸಮುದ್ರದ ಸಿಂಪಿಗಳೂ ಕಡಲಮುಳ್ಳುಗಳೂ ಇವೆ, ಕಾಲವೂ ಹೆಚ್ಚುಕಡಿಮೆ ತಿರುಚಿರಾಪಳ್ಳಿಯದೇ. ಹಾಗಾದರೆ ಎರಡೂ ಒಂದೇ ಕಡಲಿನ ಎರಡು ಮೂಲೆಗಳೆಂದು ಹೇಳಬೇಕಲ್ಲವೇ? ೧೮೬೫ರಲ್ಲಿ ಮಾರ್ಟಿನ್ ಡಂಕನ್ನನು ಬಾಘದ ಕಡಲಮುಳ್ಳುಗಳನ್ನು ಪರೀಕ್ಷಿಸಿ, ಅವು ಅರಬಸ್ಥಾನದ ಮತ್ತು ದಕ್ಷಿಣ ಯುರೋಪಿನ ಜಾತಿಗಳಿಗೆ ಹತ್ತಿರವೆಂದು ಕಂಡನು. ತಿರುಚಿರಾಪಳ್ಳಿಯ ಜೀವಿಗಳಾದರೋ ಆಫ್ರಿಕದ ನಾತಾಲ, ಮಡಗಾಸ್ಕರ ಮತ್ತು ಅಸ್ಸಾಮದ ಕಡೆಯವನ್ನು ಹೋಲುತ್ತಿದ್ದವು. ಕಡಲಲ್ಲಿ ಹುಟ್ಟಿದ ಮರಿಯು ನೀರಿನ ಸೆಳವಿನೊಡನೆ ದೂರದೂರಕ್ಕೆ ಹರಡುತ್ತದೆ. ಎರಡು ಕಡಲುಗಳು ಕೂಡಿದ್ದರೆ ಜಾತಿಗಳೂ ಬೆರೆಯಬೇಕು. ಬೆರೆಯಲಿಲ್ಲವಾದ್ದರಿಂದ ನಡುವೆ ನೆಲವಿದ್ದಿರಬೇಕೆಂದು ಪಂಡಿತರು ನಿಶ್ಚಯಿಸಿದರು. ಅಷ್ಟಕ್ಕೇ ನಿಲ್ಲದೆ, ಹಿಂದುಸ್ಥಾನದಿಂದ ಆಫ್ರಿಕದವರೆಗೆ ಹಿಂದೂ ಮಹಾಸಾಗರದ ಮೇಲೆ ಒಂದು ಭೂಸೇತುವೆಯಿದ್ದು ಅದು ಆಮೇಲೆ ಮುಳುಗಿತೆಂದೂ ಅವರಲ್ಲಿ ಹಲವರು ಬಗೆದರು.

ಇಲ್ಲಿ ಹೇತುವು ಗಟ್ಟಿ, ಕಲ್ಪನೆಯು ಮಾತ್ರ ಅದನ್ನು ಮೀರಿ ಓಡಿತು. ಮುಳುಗಿದ ಸೇತುವೆಯು ಸಾಗರದ ತಳದಲ್ಲಿ ಕಾಣಬರಲಿಲ್ಲ. ೧೯೧೨ರಲ್ಲಿ ವೆಗೆನರನು ಮುಂದಿಟ್ಟ ಖಂಡಚಲನವಾದವು ೧೯೬೦ರ ದಶಕದಲ್ಲಿ ಬೇರೆ ಪ್ರಮಾಣಗಳಿಂದ ಸಿದ್ಧವಾದ ಬಳಿಕ, ಹಿಂದುಸ್ಥಾನವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದು ಸುಮಾರು ೯ ಕೋಟಿ ವರ್ಷಗಳ ಹಿಂದೆ ಅಗಲಿದವೆಂದು ತಿಳಿದುಬಂದಿತು. ನೆಲವು ಮುಳುಗಲಿಲ್ಲ, ಸರಿಯಿತು. ಈ ಶತಮಾನದ ಆದಿಯಲ್ಲಿ ಕಲಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ವಿದ್ವಾಂಸರು ಬಾಘದ ಒಂದು ಅಮ್ಮೋನೈಟನ್ನು ಪರೀಕ್ಷಿಸಿ, ಅದು ದಕ್ಷಿಣ ಆಫ್ರಿಕ ಮತ್ತು ಮಡಗಾಸ್ಕರಗಳಲ್ಲಿಯೂ ದೊರೆಯುವ ಜಾತಿಯೇ ಎಂದು ನಿರ್ಧರಿಸಿದರು. ಅಂದರೆ ಬಾಘದ ಕಡಲಿಗೆ ಉತ್ತರದ ಬಾಗಿಲಲ್ಲದೆ ದಕ್ಷಿಣದ ಕಿಂಡಿಯೂ ಇದ್ದಿತು. ಡಂಕನ್ನನು ತಪ್ಪಿದನೆಂದು ಇದರಿಂದ ಹೇಳಬಾರದು. ಅವನ ಮುಂದಿದ್ದ ಸಾಕ್ಷಿಗಳು ಕಡಲಮುಳ್ಳುಗಳು, ಅವು ನಿಜವನ್ನೇ ನುಡಿದವು. ಬೇರೆ ಸಾಕ್ಷಿಯು ಬಂದಾಗ ತೀರ್ಪು ವಿಸ್ತಾರವಾಯಿತು.

ಚಿಪ್ಪು ಕಡಲಿನ ಬಿಸಿಯನ್ನೂ ತಂಪನ್ನೂ ಹೇಳಬಲ್ಲದು. ಛತ್ತೀಸಗಡದ ಮನೇಂದ್ರಗಡದಲ್ಲಿ ಹಸದೇವ ನದಿಯ ದಂಡೆಯ ಕಲ್ಲುಗಳಲ್ಲಿ ಯೂರಿಡೆಸ್ಮವೆಂಬ ದಪ್ಪ ಸಿಂಪಿಯು ದೊರೆಯುತ್ತದೆ. ಸುಮಾರು ೨೮ ಕೋಟಿ ವರ್ಷಗಳ ಹಿಂದಿನ ಈ ಜೀವಿಯು ತಣ್ಣೀರಿನದು. ಹಿಮನದಿಗಳು ಸವೆಸಿ ಬಿಟ್ಟ ಬಂಡೆಗಳ ಜತೆಯಲ್ಲಿ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮುಂತಾದೆಡೆಗಳಲ್ಲಿಯೂ ಇದು ಕಾಣಬರುತ್ತದೆ. ಈಗ ಬೇಸಗೆಯಲ್ಲಿ ಬೇಯುವ ಆ ಸೀಮೆಯು, ನಾಲ್ಕು ದಿಕ್ಕಿಗೂ ಕಡಲು ನೂರಾರು ಮೈಲು ದೂರವಿರುವ ಆ ಸೀಮೆಯು, ಒಮ್ಮೆ ಹಿಮಗರಗಿದ ನೀರಿನ ಕೊಲ್ಲಿಯಾಗಿದ್ದಿತು.

ಅರಿಯಲೂರಿನ ಚಿಪ್ಪುಗಳನ್ನು ಒಂದೊಂದಾಗಿ ವರ್ಣಿಸಿ, ಹೆಸರಿಟ್ಟು, ಸಂಪುಟಗಳಲ್ಲಿ ಪ್ರಕಟಿಸಿದವನು ಫರ್ಡಿನಾಂಡ ಸ್ಟೋಲಿಚ್ಕ. ಮೊರಾವಿಯ ದೇಶದಲ್ಲಿ ೧೮೩೮ರಲ್ಲಿ ಹುಟ್ಟಿ, ೧೮೬೨ರಲ್ಲಿ ಕಲಕತ್ತೆಗೆ ಬಂದವನು. ತೆಂಕಣ ಸಿಂಪಿಗಳ ಕೆಲಸದ ನಡುವೆಯೇ ಹಿಮಾಲಯವನ್ನೇರಿ ಸ್ಪಿತಿಯ ಸ್ತರಗಳನ್ನು ಶೋಧಿಸಿದನು. ೧೮೭೪ರಲ್ಲಿ ಯಾರ್ಕಂದದಿಂದ ಹಿಂದಿರುಗುವಾಗ ಲಡಾಖದ ಎತ್ತರದ ದಾರಿಯಲ್ಲಿ ತನ್ನ ೩೬ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಸಮಾಧಿಯು ಲೇಹದಲ್ಲಿದೆ. ಹಿಮಾಲಯದ ಕಡಲನ್ನು ಹುಡುಕುತ್ತ ಹಿಮಾಲಯಕ್ಕೇ ತನ್ನ ದೇಹವನ್ನೊಪ್ಪಿಸಿದವನೆಂದು ಅವನನ್ನು ನೆನೆಯಬೇಕು.

ಹಿಮಾಲಯದಲ್ಲಿ ಕಡಲೆಂಬ ಮಾತು ಮೊದಲು ವಿಚಿತ್ರವಾಗಿ ಕೇಳಿಸೀತು. ನೇಪಾಳದ ಕಾಳಿಗಂಡಕಿಯಲ್ಲಿ ದೊರೆಯುವ ಸಾಲಿಗ್ರಾಮವನ್ನು ಎಲ್ಲರೂ ಬಲ್ಲರು. ಆ ಕರಿಯ ಗುಂಡನ್ನು ಒಡೆದರೆ ಒಳಗೆ ಕಾಣುವ ಚಕ್ರವು ಅಮ್ಮೋನೈಟಿನ ಸುರುಳಿಯು. ನದಿಯು ಮೇಲ್ಗಡೆಯ ಕರಿ ಜೇಡಿಗಲ್ಲನ್ನು ಕಡಿದು ಅದನ್ನು ಉರುಳಿಸಿ ತರುತ್ತದೆ. ಸ್ಪಿತಿಯಲ್ಲಿಯೂ ಇದೇ ಕಾಲದ ಕಲ್ಲಿದ್ದು, ಸ್ಪಿತಿಯ ಜೇಡಿಯೆಂದೇ ಅದು ಪ್ರಸಿದ್ಧವಾಗಿದೆ. ಸುಮಾರು ೧೫ ಕೋಟಿ ವರ್ಷಗಳ ಹಿಂದಿನದು. ಪೂರ್ವಿಕರು ವಜ್ರಕೀಟವೆಂಬ ಹುಳುವು ಶಿಲೆಯನ್ನು ಕೊರೆದು ಈ ಚಕ್ರವನ್ನು ಮಾಡಿತೆಂದು ಹೇಳಿದರು. ಅದನ್ನು ಕಟ್ಟುಕಥೆಯೆಂದು ತಳ್ಳಿಬಿಡುವ ಮೊದಲು ಒಂದನ್ನು ನೋಡಬೇಕು: ಈ ಆಕಾರವು ಕಲ್ಲಿನ ಸ್ವಭಾವದಿಂದಾದುದಲ್ಲ, ಒಂದು ಜೀವಿಯಿಂದಾದುದು ಎಂಬುದನ್ನು ಅವರ ಕಣ್ಣು ತಪ್ಪದೆ ಗುರುತಿಸಿದ್ದಿತು. ಹುಳುವು ಕಲ್ಲನ್ನು ಕೊರೆಯಲಿಲ್ಲ, ಹುಳುವಿನ ಮನೆಯೇ ಕಲ್ಲಾಯಿತು, ಇಷ್ಟೇ ವ್ಯತ್ಯಾಸವು.

ಹಿಂದುಸ್ಥಾನಕ್ಕೂ ಉತ್ತರದ ಏಷ್ಯಾಖಂಡಕ್ಕೂ ನಡುವೆ ಹಬ್ಬಿದ್ದ ಈ ಕಡಲಿಗೆ ಎಡ್ವರ್ಡ ಸ್ಯೂಸನು ೧೮೯೩ರಲ್ಲಿ ಟೆಥಿಸವೆಂದು ಹೆಸರಿಟ್ಟನು. ಗೌರೀಶಂಕರವೆಂದು ಕೆಲವರು ತಪ್ಪಾಗಿ ಕರೆಯುವ ಎವರೆಸ್ಟ ಶಿಖರದ ತುದಿಯ ಸುಣ್ಣಗಲ್ಲು ಇನ್ನೂ ಬಹಳ ಹಳೆಯದು, ೪೦ ಕೋಟಿ ವರ್ಷಗಳಿಗೂ ಹಿಂದಿನದು. ಅದರಲ್ಲಿ ಕಡಲಲ್ಲಿ ಬಾಳಿದ ಟ್ರೈಲೊಬೈಟು, ಕಡಲನೈದಿಲೆ ಮೊದಲಾದವುಗಳ ಚೂರುಗಳಿವೆ. ಕಡಲು ೨೯,೦೦೦ ಅಡಿ ಏರಿತೆಂದಲ್ಲ. ಕಡಲ ತಳವೇ ಮೇಲಕ್ಕೆತ್ತಲ್ಪಟ್ಟಿತು.

ಆ ಕಡಲಿನ ಅಂತ್ಯವನ್ನೂ ಚಿಪ್ಪುಗಳೇ ಹೇಳುತ್ತವೆ. ಹಿಮಾಚಲದ ಸುಬಾಥುವಿನ ಸ್ತರಗಳಲ್ಲಿ ನುಮ್ಮುಲೈಟುಗಳೆಂಬ ನಾಣ್ಯದಾಕಾರದ ಅವಶೇಷಗಳಿವೆ. ಒಂದೇ ಕೋಶದ ಜೀವಿಯಾದರೂ ಕಾಸಿನಷ್ಟು ದೊಡ್ಡದು, ಬೆಚ್ಚನೆಯ ತೆಳುನೀರಿನ ಕಡಲಿನದು. ಈಜಿಪ್ತದ ಪಿರಮಿಡ್ಡುಗಳ ಕಲ್ಲಿನಲ್ಲಿಯೂ ಇವು ಹೇರಳವಾಗಿವೆ; ಕಟ್ಟುವ ಕೂಲಿಗಳು ಉಂಡು ಚೆಲ್ಲಿದ ಬೇಳೆಯೇ ಕಲ್ಲಾಯಿತೆಂದು ಅಲ್ಲಿಯ ಜನ ಹೇಳುತ್ತಿದ್ದುದನ್ನು ಸ್ಟ್ರಾಬೊ ಬರೆದಿಟ್ಟನು. ಸುಬಾಥುವಿನಲ್ಲಿ ಐದು ಕೋಟಿ ವರ್ಷಗಳ ಹಿಂದಿನ ಈ ಕಡಲ ಸ್ತರಗಳ ಮೇಲೆ ದಗಶಾಯಿಯ ಕೆಂಪು ಕಲ್ಲು ಕೂತಿದೆ, ಅದರಲ್ಲಿ ಕಡಲ ಚಿಪ್ಪುಗಳಿಲ್ಲ. ಅದು ನದಿಗಳ ಹೂಳು. ಎರಡು ಖಂಡಗಳು ಡಿಕ್ಕಿ ಹೊಡೆದು ನಡುವಣ ಕಡಲು ಮುಚ್ಚಿಹೋದುದನ್ನು ಬಣ್ಣದ ಈ ಬದಲಾವಣೆಯಲ್ಲಿಯೇ ನೋಡಬಹುದು.

ಕನ್ನಡನಾಡಿನಲ್ಲಿ ಇಂಥ ಚಿಪ್ಪುಗಲ್ಲುಗಳೇಕಿಲ್ಲವೆಂದು ಕೆಲವರು ಕೇಳಬಹುದು. ಇಲ್ಲಿಯ ಬಹುಭಾಗದ ನೆಲವು ಚಿಪ್ಪುಳ್ಳ ಜೀವಿಗಳಿಗಿಂತ ಹಳೆಯದು. ಉತ್ತರ ಕರ್ನಾಟಕದ ಮನೆ ಮಠಗಳ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ತೆಳುನೀರಿನ ಒಂದು ಕಡಲಿನ ತಳದಲ್ಲಿಯೇ ಕೂತ ಸುಣ್ಣದ ಕೆಸರು. ಆದರೆ ಅದು ಕೂತಾಗ ಜಗತ್ತಿನಲ್ಲಿ ಸಿಂಪಿಯೂ ಇರಲಿಲ್ಲ, ಶಂಖವೂ ಇರಲಿಲ್ಲ. ಬಾಗಲಕೋಟೆಯ ಸುತ್ತಣ ಕಲಾದಗಿ ಸ್ತರಗಳಲ್ಲಿ ಸ್ಟ್ರೊಮಟೊಲೈಟುಗಳೆಂಬ ಪದರುಪದರಾದ ಗುಬ್ಬೆಗಳಿವೆ. ಬೆಳಕಿರುವ ತೆಳುನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಯು ಹೂಳನ್ನು ಹಿಡಿದು ಕಟ್ಟಿದವು ಇವು. ಚಿಪ್ಪಿಲ್ಲದಲ್ಲಿ ಕಡಲನ್ನು ತೋರಿಸುವ ಕೆಲಸವು ಅವುಗಳ ಪಾಲಿಗೆ ಬಂದಿದೆ.

ಅರಿಯಲೂರಿನ ಸಿಂಪಿಗಳ ಈಗಿನ ಗತಿಯನ್ನು ಹೇಳದಿದ್ದರೆ ವಿಷಯವು ಅಪೂರ್ಣವಾದೀತು. ಕಲ್ಲಂಕುರಿಚ್ಚಿಯ ಸಿಂಪಿಹಾಸಿಗೆಯು ಉತ್ತಮವಾದ ಸುಣ್ಣಗಲ್ಲಾದುದರಿಂದ ಸಿಮೆಂಟಿನ ಗಣಿಗಳು ಅದನ್ನು ಅಗೆಯುತ್ತಿವೆ. ಗಣಿಯನ್ನು ಕೇವಲ ಹಳಿಯುವುದು ನ್ಯಾಯವಲ್ಲ. ಮನೆ ಕಟ್ಟದೆ ಜನರಿಗೆ ಸಾಗದು, ಮತ್ತು ಗಣಿಯ ಗೋಡೆಯೇ ಎಷ್ಟೋ ಸ್ತರಗಳನ್ನು ಶೋಧಕರ ಕಣ್ಣಿಗೆ ಮೊದಲು ತೆರೆದು ತೋರಿಸಿರುತ್ತದೆ. ಆದರೆ ಕುಲುಮೆಗೆ ಹೋದ ಸಿಂಪಿಯು ತಿರುಗಿ ಬಾರದು. ಸಾತನೂರಿನ ಮರದ ಸುತ್ತ ಬೇಲಿ ಕಟ್ಟಿ ಉದ್ಯಾನ ಮಾಡಿದ್ದಾರೆ. ವಾರಣವಾಸಿಯಲ್ಲಿ ಒಂದು ವಸ್ತುಸಂಗ್ರಹಾಲಯವೂ ಆಗಿದೆ. ಹಳ್ಳಿಯ ಹುಡುಗರು ಹೆಕ್ಕಿ ತಂದ ಚೆಲುವಾದ ಅಮ್ಮೋನೈಟು ಕಪಾಟಿನಲ್ಲಿ ಕೂತರೆ ನೋಡಲು ಸಂತೋಷವೇ ಸರಿ. ಆದರೆ ಅದನ್ನು ಯಾವ ಸ್ತರದಿಂದ ತೆಗೆದರು, ಮಗ್ಗುಲಿಗೆ ಏನಿದ್ದಿತು ಎಂಬ ಚೀಟಿಯಿಲ್ಲದಿದ್ದರೆ ಆ ಸಾಕ್ಷಿಗೆ ನಾಲಗೆಯಿಲ್ಲ. ಬ್ಲಾನ್‌ಫರ್ಡನೂ ಅವನ ಸಂಗಡಿಗರೂ ಕೂಡಿಸಿ, ಸ್ಟೋಲಿಚ್ಕನು ವರ್ಣಿಸಿದ ಸಿಂಪಿಗಳು ಕಲಕತ್ತೆಯ ಭೂಗರ್ಭ ಖಾತೆಯ ಸಂಗ್ರಹದಲ್ಲಿವೆ. ಅರಿಯಲೂರಿನ ಕಡಲನ್ನು ಕುರಿತು ಹೊಸದಾಗಿ ಬರೆಯುವವರು ಮೊದಲು ಆ ಕಪಾಟುಗಳ ಬಳಿಗೆ ಹೋಗುತ್ತಾರೆ.